ಅವ್ವನ ಕಾಲಳತೆಯ ಸೋಫಾ

ನನ್ನ ಅವ್ವ ನೆಲ ಬಿಟ್ಟು ಮೇಲೆ ಕೂತದ್ದನ್ನು ನಾನು ಮೊದಲು ಕಂಡದ್ದು ನನ್ನ ಹನ್ನೊಂದನೇ ವಯಸ್ಸಿನಲ್ಲಿ. ಹಾಗೆಂದರೆ ಅದಕ್ಕೆ ಮುಂಚೆ ಅವಳು ಕೂತೇ ಇರಲಿಲ್ಲ ಎಂದಲ್ಲ. ಈರುಳ್ಳಿ ಹೊಲದಲ್ಲಿ ಕುಕ್ಕರುಗಾಲಿನಲ್ಲಿ, ಒಲೆಯ ಮುಂದೆ ಒಂದು ಮಂಡಿ ಮಡಚಿ, ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ಗೋಡೆಗೆ ಒರಗಿ, ದಿನವಿಡೀ ಕೂತೇ ಇರುತ್ತಿದ್ದಳು. ಆದರೆ ಅದು ಯಾವುದೂ ಕೂರುವುದಲ್ಲ, ಕೆಲಸ. ಕೈ ಖಾಲಿ ಇಟ್ಟುಕೊಂಡು, ಬೆನ್ನಿಗೊಂದು ಆಸರೆ ಕೊಟ್ಟು, ಪಾದ ನೆಲಕ್ಕೂರಿ ಕೂರುವುದಿದೆಯಲ್ಲ, ಅದು ನಮ್ಮ ಮನೆಯಲ್ಲಿ ಗಂಡಸರಿಗೆ ಮಾತ್ರ ಗೊತ್ತಿದ್ದ ಸುಖ. ಅದನ್ನು ಅವ್ವ ಹೇಗೆ ಕಿತ್ತುಕೊಂಡಳು ಎಂಬುದನ್ನು ಬಿಟ್ಟು ನಾನು ನನ್ನ ಬಗ್ಗೆ ಏನು ಬರೆದರೂ ಅರ್ಧ ಸುಳ್ಳಾಗುತ್ತದೆ.

ಬೇಗೂರಿನ ನಮ್ಮ ಮನೆ ಹೆದ್ದಾರಿಗೆ ಬೆನ್ನು ಮಾಡಿಕೊಂಡಿತ್ತು. ಊಟಿಯ ಬಸ್ಸು ಹಾರ್ನ್ ಹೊಡೆದರೆ ಹಿತ್ತಲ ಗೋಡೆಯ ಮೇಲಿಟ್ಟ ತಾಮ್ರದ ಚೊಂಬು ಸಣ್ಣಗೆ ಅದುರುತ್ತಿತ್ತು. ಮುಂದೆ ಜಗುಲಿ, ಒಳಗೆ ಕಾಲಿಟ್ಟರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ನಡುಮನೆ, ಅದರಾಚೆ ಅಡುಗೆಮನೆ, ಅದಕ್ಕಂಟಿಕೊಂಡು ಅರಿಶಿನದ ಮೂಟೆ ಪೇರಿಸುವ ಕತ್ತಲೆಕೋಣೆ. ನಡುಮನೆಯಲ್ಲಿ ಕೈಯಿರುವ ಒಂದು ಮರದ ಕುರ್ಚಿ ಇತ್ತು, ಅದು ತಾತನದು. ಹಗ್ಗದ ಮಂಚ ಅಪ್ಪನದು. ನನ್ನ ತಮ್ಮನಿಗೆ ಒಂದು ಮಣೆ. ಹೆಂಗಸರಿಗೆ ನೆಲ. ತಾತನ ಮಗಳು ಸುಂದ್ರತ್ತೆಗೆ, ಮನೆಮಗಳೆಂಬ ರಿಯಾಯಿತಿಯ ಮೇಲೆ, ಜಗುಲಿಯ ಮೆಟ್ಟಿಲಲ್ಲಿ ಕೂರುವ ಅಪ್ಪಣೆ ಇತ್ತು. ಸೊಸೆಯಾದವಳು ಮಾವನ ಎದುರು ಎತ್ತರದಲ್ಲಿ ಕೂರಬಾರದೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿದ್ದರೆ ಹರಿದು ಹಾಕಬಹುದಿತ್ತು. ಗುಂಡ್ಲುಪೇಟೆ ಸಂತೆಗೆ ಹೋಗುವಾಗ ತಾತ ಅದೇ ಬಸ್ಸಿನಲ್ಲಿದ್ದರೆ, ಸೀಟು ಖಾಲಿ ಹೊಡೆಯುತ್ತಿದ್ದರೂ ಅವ್ವ ಕಂಬಿ ಹಿಡಿದು ನಿಂತೇ ಬರುತ್ತಿದ್ದಳು. ಕಂಡಕ್ಟರು ಕೂತ್ಕೊಳಮ್ಮಾ ಎಂದು ಗದರಿದರೆ ಮುಂದಿನ ಸ್ಟಾಪಲ್ಲೇ ಇಳಿಯುವವಳಂತೆ ಬಾಗಿಲ ಕಡೆ ಸರಿಯುತ್ತಿದ್ದಳು. ನಾನು ಮಾತ್ರ ಕಿಟಕಿ ಪಕ್ಕ ಕೂತು ಅವಳ ಸೆರಗು ಹಿಡಿದಿರುತ್ತಿದ್ದೆ, ನಾಚಿಕೆಯಿಂದ. ಆ ನಾಚಿಕೆ ಅವಳ ಮೇಲಿನದೋ ತಾತನ ಮೇಲಿನದೋ ಆಗ ಗೊತ್ತಿರಲಿಲ್ಲ. ಈಗ ಚೆನ್ನಾಗಿ ಗೊತ್ತು.

ಅವ್ವ ತಾತನ ಜೊತೆ ಮಾತೂ ಆಡುತ್ತಿರಲಿಲ್ಲ. ಮುನಿಸೇನಲ್ಲ, ಅದೂ ಪದ್ಧತಿ. ಮಾವನಿಗೆ ಹೇಳಬೇಕಾದ್ದನ್ನು ಮಗುವಿಗೆ ಹೇಳಬೇಕು. ನಾನು ಮಾತು ಕಲಿತ ದಿನದಿಂದ ಆ ಮಗು ನಾನೇ. ಮೂರು ಮಾರು ದೂರದಲ್ಲಿ ತಾತ ಕೂತಿದ್ದು, ಎಲ್ಲವೂ ಕಿವಿಗೆ ಬೀಳುತ್ತಿದ್ದರೂ, ಅವ್ವ ನಡುಮನೆಯ ಕಂಬದ ಮರೆಯಿಂದ ನನಗೆ ಹೇಳುತ್ತಿದ್ದಳು: ತಾತುಂಗೆ ಯೋಳಮ್ಮಿ, ನೀರು ಕಾದದೆ ಅಂತ. ನಾನು ಹೋಗಿ ಹೇಳಿದ ಮೇಲೆಯೇ ತಾತನಿಗೆ ಅದು ಕೇಳಿಸುತ್ತಿದ್ದುದು. ಅವರ ಉತ್ತರವನ್ನು ನಾನು ಮತ್ತೆ ಕಂಬದ ಹಿಂದಕ್ಕೆ ಹೊತ್ತು ತರಬೇಕು. ಅಪ್ಪ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಬಂದವರಿಗೆಲ್ಲ ಕುರ್ಚಿ ಹಾಕಿಕೊಡುವುದು, ಹೋದ ಮೇಲೆ ಎತ್ತಿಡುವುದು ಅವರ ಕೆಲಸ. ಸಂಬಳದ ಮನುಷ್ಯ ಎಂದು ಊರು ಗೌರವ ಕೊಡುತ್ತಿತ್ತು. ಮನೆಯೊಳಗೆ ಮಾತ್ರ ತಾತನ ಕೆಮ್ಮು ಕೇಳಿಸಿದರೆ ಅವರೂ ಮಂಚದಿಂದ ಎದ್ದು ನಿಲ್ಲುತ್ತಿದ್ದರು.

ಆ ವರ್ಷ ಅವ್ವನ ಬಲಮಂಡಿ ಊದಿಕೊಂಡಿತು. ಆಸ್ಪತ್ರೆಯ ನರ್ಸಮ್ಮ ಒತ್ತಿ ನೋಡಿ, ಇನ್ನು ಕುಕ್ಕರುಗಾಲಿನಲ್ಲಿ ಕೂರುವುದು, ನೆಲದಿಂದ ಕೈಯೂರಿ ಏಳುವುದು ಎಲ್ಲ ಕಡಿಮೆ ಮಾಡು, ಮನೆಯಲ್ಲಿ ಕುರ್ಚಿಯ ಮೇಲೆ ಕೂತುಕೋ, ಇಲ್ಲವಾದರೆ ಈ ಕಾಲು ಮಡಚಲಾಗದ ಹಾಗೆ ಆಗುತ್ತದೆ ಎಂದರು. ಅವ್ವ ತಲೆಯಾಡಿಸಿ ಮಾತ್ರೆ ತೆಗೆದುಕೊಂಡು ಬಂದಳು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ನರ್ಸಮ್ಮ ಹೇಳಿದ್ದನ್ನು ನಾನು ಅಡುಗೆಮನೆಯಲ್ಲಿ ಸುಂದ್ರತ್ತೆಗೆ ಹೇಳಿದಾಗ ಅವಳೂ ಅವ್ವನೂ ಇಬ್ಬರೂ ನಕ್ಕರು. ಆ ನಗು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಮನೆಗೆ ಸೋಫಾ ಬರುವ ಮಾತು ಎದ್ದದ್ದು ಅವ್ವನ ಮಂಡಿಗಾಗಿ ಅಲ್ಲ. ಸುಂದ್ರತ್ತೆಯನ್ನು ನೋಡಲು ಉಡಿಗಾಲದಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರ ಮನೆಯಲ್ಲಿ ಸೋಫಾ ಇದೆ ಎಂದು ಯಾರೋ ತಾತನ ಕಿವಿಯಲ್ಲಿ ಹಾಕಿದರು. ಬಂದವರನ್ನು ಚಾಪೆಯ ಮೇಲೆ ಕೂರಿಸಿದರೆ ಮರ್ಯಾದೆ ಏನಾಗುತ್ತದೆ ಎಂದು ತಾತ ಎರಡು ದಿನ ಗೊಣಗಿದರು. ಮೂರನೇ ದಿನ ಹೊಲದ ಬದುವಿನ ಬೇವಿನ ಮರಕ್ಕೆ ಕೊಡಲಿ ಹಾಕಿಸಿದರು. ಆ ಮರದ ಕೊಂಬೆಗೆ ಅವ್ವ ಮೊದಲು ನನ್ನ ತೊಟ್ಟಿಲು, ಆಮೇಲೆ ತಮ್ಮನ ತೊಟ್ಟಿಲು ಕಟ್ಟಿ ಕಳೆ ಕಿತ್ತಿದ್ದಳು. ಇಡೀ ಹೊಲದಲ್ಲಿ ಅವಳಿಗೆ ನೆರಳು ಅಂತ ಇದ್ದದ್ದು ಅದೊಂದೇ. ಮರ ಉರುಳಿದ್ದು ಅವಳಿಗೆ ತಿಳಿದದ್ದು ಬುತ್ತಿ ಹೊತ್ತುಕೊಂಡು ಹೋದಾಗ. ಅವತ್ತು ಸಂಜೆ ಅವಳು ಕಂಬದ ಹಿಂದೆ ನಿಂತು ನನ್ನ ಕೈಲಿ ಒಂದೇ ಪ್ರಶ್ನೆ ಕೇಳಿಸಿದಳು. ಬಂದವರು ಹೋದ ಮೇಲೆ, ತಾತ ಹೊಲಕ್ಕೆ ಹೋಗಿರುವ ಹೊತ್ತಿನಲ್ಲಿ, ಮಂಡಿ ನೋವಿಗೆ ಅದರ ಮೇಲೆ ಒಂದು ಗಳಿಗೆ ಕೂರಬಹುದೋ ಎಂದು. ತಾತ ನನ್ನ ಮುಖ ನೋಡಿ, ನಾನೇ ಕೇಳಿದವಳೇನೋ ಎಂಬಂತೆ ಹೇಳಿದರು:

"ಹೆಂಗಸ್ರು ಕೂರಕ್ಕಾ ಸೋಪ ಮಾಡ್ಸ್ತಿರದು? ಹೋಗಿ ನಿಮ್ಮವ್ವುಂಗೆ ಯೋಳು, ನೆಲ ಎಲ್ಲೂ ಓಗಿಲ್ಲ ಅಂತ."

ನಾನು ಆ ಮಾತನ್ನು ಹೊತ್ತು ತರಲಿಲ್ಲ. ನಡುಮನೆಯ ಮಧ್ಯದಲ್ಲೇ ನಿಂತುಬಿಟ್ಟೆ. ತರಬೇಕಾದ ಅಗತ್ಯವೇನಿತ್ತು, ಅವಳಿಗೆ ಕೇಳಿಸಿತ್ತಲ್ಲ.

ತಾತನಿಗೆ ಬಡಗಿಯ ಇಂಚುಪಟ್ಟಿಯ ಮೇಲೆ ನಂಬಿಕೆ ಇರಲಿಲ್ಲ. ಪಟ್ಟಿ ಅವನದು, ಅಳತೆಯೂ ಅವನದೇ ಆಗುತ್ತದೆ ಎನ್ನುತ್ತಿದ್ದರು. ನೊಗ ಮಾಡಿಸಲಿ, ಮಂಚ ಮಾಡಿಸಲಿ, ನಮ್ಮಲ್ಲಿ ಸೆಣಬಿನ ಹುರಿಯಲ್ಲಿ ಅಳೆದು, ಗಂಟು ಹಾಕಿ, ಆ ಹುರಿಯನ್ನೇ ಬಡಗಿಯ ಕೈಗೆ ಕೊಡುವುದು. ಎತ್ತಿನ ಹೆಗಲಿನ ಅಳತೆ ಎತ್ತಿನದೇ ಆಗಿರಬೇಕು, ಅಷ್ಟೇ. ಸೋಫಾಕ್ಕೂ ಹಾಗೇ ಆಯಿತು. ತಾತ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಪ್ಪ ಕೆಳಗೆ ಕೂತು ಹಿಮ್ಮಡಿಯಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಹುರಿ ಎಳೆದು ಮೊದಲ ಗಂಟು ಹಾಕಿದರು. ಅದು ಆಸನದ ಎತ್ತರ. ಮಂಡಿಯಿಂದ ಬೆನ್ನಿಗೆ ಎರಡನೆಯದು. ಮೂವರು ಕೂರುವ ಅಗಲಕ್ಕೆ ಮೂರನೆಯದು. ತಾತ ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರದವರು. ಹುರಿಯನ್ನು ಸುತ್ತಿ ಗೂಟಕ್ಕೆ ನೇತು ಹಾಕಿದರು.

ಮಾರನೆಯ ದಿನ ಮಧ್ಯಾಹ್ನ ಅವ್ವ ನನ್ನನ್ನು ಕತ್ತಲೆಕೋಣೆಗೆ ಕರೆದಳು. ಅರಿಶಿನದ ಒಂದು ಮೂಟೆಯನ್ನು ಅಡ್ಡ ಕೆಡವಿ ಅದರ ಮೇಲೆ ಕೂತಿದ್ದಳು. ಪಾದ ನೆಲಕ್ಕೆ ತಾಗುವವರೆಗೆ ಮೂಟೆಯನ್ನು ಗುದ್ದಿ ಗುದ್ದಿ ತಗ್ಗಿಸಿದ್ದಳು. ತೊಡೆಯ ಮೇಲೆ ಆ ಹುರಿ, ಮೊದಲ ಗಂಟು ಆಗಲೇ ಬಿಚ್ಚಿತ್ತು. ಅವಳ ಉಗುರುಗಳು ಅರಿಶಿನ ಬೇಯಿಸಿ ಬೇಯಿಸಿ ಹಳದಿಯಾಗಿದ್ದವು. ಸೀರೆಯನ್ನು ಮಂಡಿಯವರೆಗೆ ಸರಿಸಿ, ಊದಿದ ಕಾಲನ್ನು ಮುಂದೆ ಇಟ್ಟು, ಹುರಿಯ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಇಲ್ಲಿ ಹಿಡ್ಕೊಮ್ಮಿ. ಸರ್ಯಾಗಿ ಹಿಡಿ, ಹಿಮ್ಮಡಿ ನೆಲಕ್ಕೆ ಊರೈತಾ ನೋಡು."

ಊರಿತ್ತು. ಅವಳು ಮಂಡಿಯ ಹಿಂದೆ ಬೆರಳಿಟ್ಟು ಗಂಟು ಬಿಗಿದಳು. ಹಳೆಯ ಗಂಟಿನ ಸೊಟ್ಟ ಇನ್ನೂ ಹುರಿಯಲ್ಲಿ ಕಾಣುತ್ತಿತ್ತು. ಹೊಸ ಗಂಟು ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಬಿತ್ತು. ತಾತನಿಗೆ ಹೇಳುತ್ತೀಯಾ ಎಂದು ಅವಳು ಕೇಳಲಿಲ್ಲ. ಅಷ್ಟು ವರ್ಷ ಎಲ್ಲರ ಮಾತನ್ನೂ ಎಲ್ಲರಿಗೂ ಮುಟ್ಟಿಸಿದ ನಾನು ಇದೊಂದನ್ನು ಮುಟ್ಟಿಸುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಿತ್ತೋ. ಸುಮ್ಮನಿರುವುದೂ ಯಾರದೋ ಪಕ್ಷ ವಹಿಸುವುದೇ ಎಂದು ನಾನು ಆ ಕತ್ತಲೆಕೋಣೆಯಲ್ಲಿ ಕಲಿತೆ. ಹೊರಗೆ ಬಂದು ಗೂಟಕ್ಕೆ ಹುರಿ ನೇತು ಹಾಕಿದವಳೂ ನಾನೇ.

ಗುಂಡ್ಲುಪೇಟೆಯಲ್ಲಿ ವೇಲಾಯುಧನ್ ಎಂಬ ಮಲಯಾಳಿ ಆಚಾರಿ ಇದ್ದರು. ಹಲಗೆ ಕೊಯ್ಯಿಸಿ ಅವರಲ್ಲಿಗೆ ಮುಟ್ಟಿಸಿ, ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಹುರಿ ಕೊಡಲು ಹೋದರು. ಆಚಾರಿ ಮೊದಲು ಬೇರೆ ವಿಷಯವೆಲ್ಲ ಕೇಳಿದರು. ಕೈ ಬೇಕೋ ಬೇಡವೋ, ಬೆನ್ನಿಗೆ ಪಟ್ಟಿಯೋ ಹಲಗೆಯೋ, ಮೆತ್ತೆಗೆ ತೆಂಗಿನ ನಾರೋ ಹತ್ತಿಯೋ, ಮೇಲೆ ರೆಕ್ಸಿನ್ ಯಾವ ಬಣ್ಣ. ಬೇವು ಒಳ್ಳೆಯದು, ಹುಳ ಮುಟ್ಟುವುದಿಲ್ಲ, ಆದರೆ ಸರಿಯಾಗಿ ಒಣಗದಿದ್ದರೆ ಬಾಗುತ್ತದೆ, ಅವಸರ ಮಾಡಬೇಡಿ ಎಂದು ಬುದ್ಧಿ ಹೇಳಿದರು. ಕೊನೆಗೆ ಹುರಿ ಬಿಚ್ಚಿ, ಮೊದಲ ಗಂಟು ಹಿಡಿದು, ಅಪ್ಪನ ಕಾಲಿನ ಕಡೆ ನೋಡಿದರು.

"ಇದು ನಿಮ್ಮ ಅಚ್ಛನ್, ನಿಮ್ಮ ಅಪ್ಪನ ಅಳತೆಯಾ? ಗಂಡಸಿನ ಕಾಲು ಇಷ್ಟೇ ಅಲ್ಲ. ಇದು ಹೆಂಗಸಿನ ಕಾಲು."

ಮನೆಯಲ್ಲಿ ತಾತನ ಕಾಲಿಗೆ ಹುರಿ ಹಿಡಿದು ಗಂಟು ಹಾಕಿದ್ದು ಅಪ್ಪನೇ. ತಾವು ಹಾಕಿದ ಗಂಟು ಯಾವುದು, ಅಲ್ಲದ್ದು ಯಾವುದು ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ. ಅಪ್ಪ ಹುರಿಯನ್ನು ಕೈಗೆ ತೆಗೆದುಕೊಂಡರು. ಆ ಗಂಟನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು. ಅರಿಶಿನ ಅವರ ಬೆರಳಿಗೆ ಹತ್ತಿತು. ನನ್ನ ಮುಖ ನೋಡಿದರು, ನಾನು ಚಪ್ಪಲಿ ನೋಡಿದೆ. ಆಮೇಲೆ ಹುರಿಯನ್ನು ಆಚಾರಿಗೆ ವಾಪಸು ಕೊಟ್ಟರು.

"ಅದ್ರಲ್ಲಿ ಎಷ್ಟದೋ ಅಷ್ಟೇ ಮಾಡಿ ಆಚಾರ್ರೆ."

ವಾಪಸು ಬಸ್ಸು ಹತ್ತುವ ಮೊದಲು ಅಪ್ಪ ನನಗೆ ಬೋಂಡ ಕೊಡಿಸಿದರು. ಅಪ್ಪನನ್ನು ಪುಕ್ಕಲನೆಂದು ನಮ್ಮ ನೆಂಟರಲ್ಲಿ ಎಷ್ಟೋ ಜನ ಆಡಿಕೊಂಡಿದ್ದಾರೆ, ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. ಎಲ್ಲರೂ ಆ ಹೆಬ್ಬೆರಳನ್ನು ನೋಡಬೇಕಿತ್ತು.

ಸೋಫಾ ಬಂದದ್ದು ಗಂಡಿನ ಕಡೆಯವರು ಬರುವ ಹಿಂದಿನ ದಿನ, ಬಸ್ಸಿನ ತಲೆಯ ಮೇಲೆ, ನಾಲ್ಕೂ ಕಾಲು ಆಕಾಶಕ್ಕೆ ಎತ್ತಿಕೊಂಡು. ಕೆಂಪು ರೆಕ್ಸಿನ್ನು ದೂರದಿಂದಲೇ ಕಾಣುತ್ತಿತ್ತು. ಕೇರಿಯ ಅರ್ಧ ಜನ ಹಿಂದೆ ಬಂದರು. ನಡುಮನೆಯಲ್ಲಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ತಾತ ಹೆಗಲಿನ ಟವೆಲಿನಿಂದ ಒರೆಸಿ ಕೂತರು. ಕೂತವರ ಮಂಡಿ ಎದೆಯ ಹತ್ತಿರಕ್ಕೆ ಬಂತು. ಜನ ಬಾಯಿಗೆ ಕೈ ಅಡ್ಡ ಹಿಡಿದರು. ತಾತ ಎದ್ದು, ಎಲ್ಲರನ್ನೂ ಹೊರಗೆ ಕಳಿಸಿ, ಆಚಾರಿ ಸೋಫಾದ ಜೊತೆ ವಾಪಸು ಕಟ್ಟಿ ಕಳಿಸಿದ್ದ ಹುರಿಯನ್ನು ಬಿಚ್ಚಿ ತಮ್ಮ ಕಾಲಿಗೆ ಹಿಡಿದರು. ನಾಲ್ಕು ಬೆರಳು ಕಮ್ಮಿ. ಆಚಾರಿಯ ತಪ್ಪಲ್ಲ ಎಂದು ಆ ಕ್ಷಣವೇ ತಿಳಿಯಿತು. ಉಳಿದವರು ಅಳತೆ ತೆಗೆದ ಅಪ್ಪ. ತಾತ ಬೈಯತೊಡಗಿದರು. ಊರಿಗೆಲ್ಲ ಕುರ್ಚಿ ಹಾಕುವವನಿಗೆ ಸ್ವಂತ ಅಪ್ಪನ ಕಾಲು ಅಳೆಯಲು ಬರಲಿಲ್ಲ ಎಂದರು, ಜವಾನಗಿರಿ ಮಾಡಿ ಮಾಡಿ ಬುದ್ಧಿಯೂ ನೆಲ ಹಿಡಿಯಿತು ಎಂದರು, ಇನ್ನೂ ಏನೇನೋ ಎಂದರು. ಅಪ್ಪ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನಾನಲ್ಲ ಎಂದು ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಆಗ ಅವ್ವ ಅಡುಗೆಮನೆಯಿಂದ ಬಂದಳು. ಕಂಬದ ಹತ್ತಿರ ನಿಲ್ಲಲಿಲ್ಲ. ನನ್ನನ್ನು ಕರೆಯಲಿಲ್ಲ. ಕುಂಟುತ್ತ ನಡುಮನೆ ದಾಟಿ, ಸೋಫಾದ ಸರಿಯಾಗಿ ನಡುವೆ ಕೂತು, ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿದಳು. ಮಂಡಿ ಎಷ್ಟು ಮಡಚಬೇಕೋ ಅಷ್ಟೇ ಮಡಚಿತು. ಹನ್ನೆರಡು ವರ್ಷದ ಸೊಸೆತನದಲ್ಲಿ ಮೊದಲ ಸಲ ಮಾವನ ಮುಖ ನೋಡಿ ಮಾತಾಡಿದಳು.

"ಅವ್ರುನ್ನ ಬಯ್ಬ್ಯಾಡಿ ಮಾವ. ಗಂಟು ಹಾಕ್ದೋಳು ನಾನು. ಇದು ನನ್ನ ಕಾಲಳತೆ."

ತಾತ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. ನಿಮ್ಮವ್ವನಿಗೆ ಎದ್ದೇಳಲು ಹೇಳು ಎಂದರು. ನಾನು ಬಾಯಿ ಬಿಡಲಿಲ್ಲ. ನನ್ನ ಜೀವಮಾನದಲ್ಲಿ ಹಿರಿಯರ ಮಾತನ್ನು ಎದುರಿಗೇ ನಿರಾಕರಿಸಿದ್ದು ಅದೇ ಮೊದಲು. ಭಯದ ಜೊತೆಗೆ ಖುಷಿಯೂ ಆಗುತ್ತಿತ್ತು. ಬೇರೆ ದಾರಿ ಇಲ್ಲದೆ ತಾತ ಅವಳಿಗೇ ನೇರವಾಗಿ ಹೇಳಬೇಕಾಯಿತು.

"ಎದ್ದೇಳು."

"ಏಳಕ್ಕಿಲ್ಲ ಮಾವ. ಮಂಡಿ ನೋಯ್ತದೆ."

ತಾತ ಜಗುಲಿಗೆ ಹೋಗಿಬಿಟ್ಟರು. ಅಲ್ಲಿಂದಲೇ, ಸೋಫಾದ ಕಾಲಿಗೆ ಇಟ್ಟಿಗೆ ಕೊಡು ಎಂದು ಅಪ್ಪನಿಗೆ ಕೂಗಿದರು. ಇಟ್ಟಷ್ಟು ಸಲವೂ ತೆಗೆಯುತ್ತೇನೆ ಎಂದು ಅವ್ವ ಒಳಗಿನಿಂದಲೇ ಹೇಳಿದಳು. ಅಪ್ಪ ಇಟ್ಟಿಗೆ ತರಲಿಲ್ಲ. ಮಂಚದ ಮೇಲೆ ಕೂತರು. ಆ ಸಂಜೆ ತಾತ ಕೆಮ್ಮಿದಾಗ ಏಳಲೂ ಇಲ್ಲ.

ಮಾರನೆಯ ದಿನ ಉಡಿಗಾಲದವರು ಬಂದರು. ಗಂಡಿನ ತಂದೆ, ಗಂಡು, ಅವನ ಚಿಕ್ಕಪ್ಪ ಮೂವರೂ ಸೋಫಾದ ಮೇಲೆ ಮಂಡಿ ಎತ್ತಿಕೊಂಡು ಕೂತು ಕಾಫಿ ಕುಡಿದರು. ಗಂಡಿನ ತಾಯಿ ಗಿಡ್ಡನೆಯ ಹೆಂಗಸು, ಬಾಗಿಲ ಬಳಿ ನೆಲದ ಮೇಲೆ ಸೆರಗು ಹೊದ್ದು ಕೂತಿದ್ದರು. ಗಂಡಸರು ಹೊಲ ನೋಡಲು ಎದ್ದ ಗಳಿಗೆಯಲ್ಲಿ ಅವ್ವ ಆಕೆಯ ಕೈಹಿಡಿದು ಎಬ್ಬಿಸಿ ಸೋಫಾದಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಆಕೆ ಮೊದಲು ಅಂಚಿನಲ್ಲೇ ಕೂತಿದ್ದರು. ಮೆಲ್ಲಗೆ ಹಿಂದಕ್ಕೆ ಸರಿದರು. ಆಮೇಲೆ ಬಗ್ಗಿ ತಮ್ಮ ಪಾದಗಳನ್ನೇ ನೋಡಿಕೊಂಡು, ನಮ್ಮನೇದ್ರಲ್ಲಿ ಒಂದ್ಸಲ ಕೂತು ನೋಡಿದ್ದೆ, ಕಾಲು ನೇತಾಡ್ತದೆ ಕಣಮ್ಮಿ, ಇದ್ರಲ್ಲಿ ಊರ್ತದೆ ಎಂದರು. ಯಾರೂ ಇಲ್ಲದಾಗ ಕದ್ದು ಕೂತಿರಬೇಕು. ಹಾಗೆ ಇಬ್ಬರೂ ಕೂತು ಮಾತಾಡುತ್ತಿರುವಾಗಲೇ ಗಂಡಸರು ವಾಪಸು ಬಂದರು. ಆಕೆ ಧಡಕ್ಕನೆ ಎದ್ದರು. ಅವ್ವ ಏಳಲಿಲ್ಲ.

ವಾರದಲ್ಲಿ ಸುದ್ದಿ ಬಂತು. ಹೆಣ್ಣು ಚೆನ್ನಾಗಿದೆ, ಆದರೆ ಆ ಮನೆಯಲ್ಲಿ ಹೆಂಗಸರ ಕೈ ಮೇಲಿದೆ, ನಮಗೆ ಸರಿಹೋಗುವುದಿಲ್ಲ ಎಂದು. ಸುಂದ್ರತ್ತೆ ಎರಡು ದಿನ ಅತ್ತಳು. ನಿನ್ನ ಮಂಡಿಗೋಸ್ಕರ ನನ್ನ ಬಾಳು ಹಾಳು ಮಾಡಿದೆ ಎಂದು ಅವ್ವನ ಮುಖಕ್ಕೇ ಹೇಳಿದಳು. ಅದನ್ನು ನಾನು ಮುಚ್ಚಿಡುವುದಿಲ್ಲ. ಅವ್ವನಿಗೆ ಅದು ನಾಟಿತು, ಒಲೆಯ ಮುಂದೆ ಅವಳೂ ಅತ್ತಳು. ಆದರೆ ಕ್ಷಮೆ ಕೇಳಲಿಲ್ಲ. ಹೆಂಗಸು ಕೂತದ್ದಕ್ಕೇ ಸಂಬಂಧ ಬಿಡುವವರ ಮನೆಗೆ ಹೋಗಿ ನೀನು ನಿಂತೇ ಸಾಯಬೇಕಾಗಿತ್ತಾ ಎಂದು ಕೇಳಿದಳು. ಮುಂದಿನ ವರ್ಷ ಸುಂದ್ರತ್ತೆ ಚಂದಕವಾಡಿಗೆ ಮದುವೆಯಾಗಿ ಹೋದಳು. ಗಂಡ ಒಳ್ಳೆಯವನು. ಅವನೂ ಸಿಗದೆ ಹೋಗಿದ್ದರೆ ಅವ್ವ ಮಾಡಿದ್ದು ತಪ್ಪಾಗುತ್ತಿತ್ತೇ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಆಗಲೂ ತಪ್ಪಾಗುತ್ತಿರಲಿಲ್ಲ.

ತಾತ ಸಾಯುವವರೆಗೂ ಆ ಸೋಫಾದ ಮೇಲೆ ಕೂರಲಿಲ್ಲ. ಕೂರಿ ಎಂದು ಅವ್ವನೂ ಕರೆಯಲಿಲ್ಲ. ಇಬ್ಬರೂ ರಾಜಿಯಾದರು, ಕೊನೆಗಾಲದಲ್ಲಿ ಕಣ್ಣೀರಿಟ್ಟರು ಎಂದೆಲ್ಲ ಬರೆದರೆ ಓದಲು ಹಿತವಾಗಿರುತ್ತದೆ, ಆದರೆ ಹಾಗೆ ಆಗಲಿಲ್ಲ. ಅವರಿಗೆ ಕಾಯಿಲೆಯಾದಾಗ ಅವ್ವ ಮೈ ಒರೆಸಿದಳು, ಗಂಜಿ ಕುಡಿಸಿದಳು, ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತಳು. ಅವಳೂ ಈಗಿಲ್ಲ. ಕೆಂಪು ರೆಕ್ಸಿನ್ ಎರಡು ಸಲ ಬದಲಾಗಿದೆ, ಬೇವು ಹಾಗೇ ಇದೆ, ಬೇಗೂರಿನಲ್ಲಿ ತಮ್ಮನ ಮನೆಯಲ್ಲಿ.

ಮೊನ್ನೆ ಚಾಮರಾಜನಗರದ ನಮ್ಮ ಮನೆಗೆ ಹೊಸ ಸೋಫಾ ಕೊಳ್ಳಲು ಮಗ, ಸೊಸೆಯ ಜೊತೆ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗಿ ಫೋಮ್ ಬಗ್ಗೆ, ಬಟ್ಟೆಯ ಬಗ್ಗೆ, ಎಲ್ ಆಕಾರದ್ದು ಮೂಲೆಗೆ ಹೇಗೆ ಕೂರುತ್ತದೆ ಎಂಬುದರ ಬಗ್ಗೆ ಚೆನ್ನಾಗಿ ಹೇಳಿದಳು. ನಾನು ಒಂದರ ಮೇಲೆ ಕೂತೆ. ಬೆನ್ನು ಒರಗಿಸಿದರೆ ಪಾದ ಗಾಳಿಯಲ್ಲಿತ್ತು. ಎತ್ತರದ ನನ್ನ ಸೊಸೆ ಪಕ್ಕದ ಇನ್ನೊಂದು ತಗ್ಗಿನದರಲ್ಲಿ ಕೂತು ಮಂಡಿ ಎದೆಗೆ ಬಂದು ಒದ್ದಾಡುತ್ತಿದ್ದಳು, ನನ್ನೆದುರು ಹೇಳಲು ಅವಳಿಗೆ ಸಂಕೋಚ. ಎತ್ತರ ಯಾರ ಲೆಕ್ಕದ್ದು ಎಂದು ಕೇಳಿದೆ. ಎಲ್ಲ ಸ್ಟ್ಯಾಂಡರ್ಡ್ ಸೈಜ್ ಮೇಡಂ ಎಂದಳು ಹುಡುಗಿ. ಯಾರ ಕಾಲಿನ ಸ್ಟ್ಯಾಂಡರ್ಡ್ ಎಂದು ಕೇಳಿದೆ. ಅವಳು, ಪಾಪ, ಸೋಫಾಕ್ಕೆ ಅಂಟಿಸಿದ್ದ ಚೀಟಿಯನ್ನು ತಿರುಗಿಸಿ ನೋಡಿದಳು. ಎರಡು ಬೇರೆ ಬೇರೆ ಎತ್ತರದ್ದು ಮಾಡಿಸೋಣ ಎಂದೆ. ಸೆಟ್ ಮ್ಯಾಚ್ ಆಗುವುದಿಲ್ಲ, ಬಂದವರು ನಗುತ್ತಾರೆ ಎಂದು ಮಗ ಗೊಣಗಿದ. ಬಂದವರು ಎದ್ದು ಹೋಗುತ್ತಾರೆ, ದಿನಾ ಕೂರುವವರು ನಾವು ಎಂದೆ. ಮೆತ್ತೆಗೆ ಸುತ್ತಿದ್ದ ದಾರವೊಂದನ್ನು ಬಿಚ್ಚಿಕೊಂಡು, ಎಲ್ಲರೂ ನೋಡುತ್ತಿರುವಾಗ, ಈ ವಯಸ್ಸಿನ ಮಂಡಿಯನ್ನು ಕಷ್ಟಪಟ್ಟು ಮಡಚಿ ಸೊಸೆಯ ಕಾಲ ಬಳಿ ನೆಲದ ಮೇಲೆ ಕೂತೆ. ಅತ್ತೆ ತನ್ನ ಕಾಲು ಮುಟ್ಟುವುದೇ ಎಂದು ಅವಳು ಗಾಬರಿಯಿಂದ ಪಾದ ಹಿಂದಕ್ಕೆ ಎಳೆದುಕೊಂಡಳು. ನಾನು ಅವಳ ಹಿಮ್ಮಡಿ ಹಿಡಿದೆ.

"ಎಳ್ಕಬ್ಯಾಡ ಕಣಮ್ಮಿ. ನೆಲಕ್ಕೂರು."